ಅಮ್ಮನ ಅಳು ಕೇಳಿಸುತ್ತಿತ್ತು

1988ರಲ್ಲಿ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿದರೂ ನಾನು ತಾನಾಗಿ ಉಸಿರಾಡಲು ಐದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಡಾಕ್ಟರು, ನರ್ಸು ಸರದಿಯಲ್ಲಿ ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರಂತೆ. ಕೊನೆಗೊನೆಗೆ ನನಗೆ ಎಚ್ಚರವಿತ್ತು. ಬಾಗಿಲಾಚೆ ಅಮ್ಮ ಅಳುವುದು ಕೇಳಿಸುತ್ತಿತ್ತು. ಕಿರುಬೆರಳು ಅಲುಗಿಸಲೂ ಆಗಲಿಲ್ಲ.

ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ‘ಅವಳ ತಾಯಿ ಕಡೆಯವರೇ ಅಶಕ್ತರು’ ಎಂದರು ಅಪ್ಪನ ಅಕ್ಕ. ಅಮ್ಮ ತಲೆ ತಗ್ಗಿಸಿದಳು.

2012ರಲ್ಲಿ ನನ್ನ ಮಗಳಿಗೆ ಟಾನ್ಸಿಲ್ ತೆಗೆಯಬೇಕಾಯಿತು. ಅರಿವಳಿಕೆಯ ಡಾಕ್ಟರು, ‘ಮನೆಯಲ್ಲಿ ಯಾರಿಗಾದರೂ ಮೊದಲು ತೊಂದರೆ ಆಗಿತ್ತೆ?’ ಎಂದು ಕೇಳಿದರು. ಹೇಳಿದೆ. ‘ನೀವು ಆರ್ಯವೈಶ್ಯರೆ?’ ಎಂದರು. ನನಗೆ ಆಶ್ಚರ್ಯ!

ಆಮೇಲೆ ಅವರೇ ವಿವರಿಸಿದರು. ಗಂಟಲಿಗೆ ನಳಿಕೆ ಇಳಿಸುವಾಗ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೊಡುತ್ತಾರೆ. 1951ರಿಂದ ಬಳಕೆಯಲ್ಲಿದೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸುತ್ತದೆ. ಕಿಣ್ವ ಇಲ್ಲದವರಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ. ನಿದ್ರೆಯ ಮದ್ದು ಇಳಿದರೂ ಮೈ ಏಳುವುದಿಲ್ಲ. ಈ ಕೊರತೆ ವಂಶದಲ್ಲಿ ಬರುವುದೆಂದು 1950ರ ದಶಕದಲ್ಲಿ ಟೊರಾಂಟೊದ ವರ್ನರ್ ಕಾಲೋ ತೋರಿಸಿದರು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಂಗಡಿಗರು ವೈಶ್ಯರಲ್ಲಿ ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ಗುರುತಿಸಿದರು.

ವಾಸವಾಂಬೆಯೊಡನೆ 102 ಗೋತ್ರದವರು ಅಗ್ನಿಪ್ರವೇಶ ಮಾಡಿದ ಕಥೆ ಕೇಳುತ್ತ ಬೆಳೆದವರು ನಾವು. ವಂಶವಾಹಿಗಳು ಹೇಳುವ ಕಥೆ ಬೇರೆ. ಎರಡು ಮೂರು ಸಾವಿರ ವರ್ಷಗಳ ಹಿಂದಿನ ಕೆಲವೇ ಹಿರಿಯರಿಂದ ಬಂದ ನಾವು ಒಳಗೊಳಗೇ ಮದುವೆಯಾಗುತ್ತ ಬಂದಿದ್ದೇವೆ. ಸಂಬಂಧದ ಜೊತೆ ಈ ಕೊರತೆಯೂ ಮನೆಯಿಂದ ಮನೆಗೆ ನಡೆದಿದೆ.

ರಕ್ತಪರೀಕ್ಷೆಯಲ್ಲಿ ನನ್ನ ಕೊರತೆ ಖಚಿತವಾಯಿತು. ಮಗಳಿಗೆ ಆ ಔಷಧಿ ಬಿಟ್ಟು ಬೇರೆಯದು ಕೊಟ್ಟರು. ಚೆನ್ನಾಗಿ ಎದ್ದಳು. ಒಡಹುಟ್ಟಿದವರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಇರುವುದರಿಂದ ತಂಗಿಗೂ ಪರೀಕ್ಷೆ ಮಾಡಿಸಿದೆವು. ಈಗ ಇಬ್ಬರ ಪರ್ಸಿನಲ್ಲೂ ಔಷಧಿಯ ಹೆಸರು ಬರೆದ ಚೀಟಿ ಇದೆ. ನಿಮ್ಮ ಮನೆಯಲ್ಲೂ ‘ಆಪರೇಷನ್ ಆಗಿ ತಡವಾಗಿ ಎದ್ದಳು’ ಎಂಬ ಹಳೆಯ ಮಾತಿದ್ದರೆ, ಯಾವ ಜಾತಿಯವರಾದರೂ ಸರಿ, ಡಾಕ್ಟರಿಗೆ ಮೊದಲೇ ಹೇಳಿ.

ಈ ಕೊರತೆ ತಾಯಿಯೊಬ್ಬಳಿಂದಲೇ ಬರುವುದಿಲ್ಲ, ಇಬ್ಬರಿಂದಲೂ ಬರಬೇಕು. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅವತ್ತು ನಾನು ಅತ್ತಿದ್ದು ನಿನಗೆ ನಿಜವಾಗಿ ಕೇಳಿಸಿತ್ತೇನೆ?’ ಎಂದಳು.