ಸೂರಿಲ್ಲದ ಮಗುವಿಗೆ ಶಾಲೆಯ ಬಾಗಿಲು



ವಿದ್ಯೆಗೆ ಮೊದಲು ಬೇಕಾದುದು ಪುಸ್ತಕವೆಂದು ನಾವು ತಿಳಿದಿದ್ದೇವೆ. ಅದಕ್ಕೂ ಮೊದಲು ಬೇಕಾದುದು ರಾತ್ರಿ ತಲೆಯಿಡಲು ಒಂದು ಸೂರು, ಹೊಟ್ಟೆಗೆ ಎರಡು ಹೊತ್ತಿನ ಅನ್ನ. ಹಿಂದೆ ಹಳ್ಳಿಗಳಲ್ಲಿ ಹೈಸ್ಕೂಲು ಇರಲಿಲ್ಲ. ಪಟ್ಟಣದಲ್ಲಿ ಬಡ ಹುಡುಗನಿಗೆ ನೆಲೆಯಿರಲಿಲ್ಲ. ವಾರಾನ್ನದ ಮನೆ ಹಿಡಿದು, ಗುಡಿಯ ಜಗಲಿಯಲ್ಲಿ ಮಲಗಿ ಓದಿದವರು ಎಷ್ಟೋ ಮಂದಿ. ಆ ವಾರಾನ್ನವಾದರೂ ಬಹುಮಟ್ಟಿಗೆ ಜಾತಿ ನೋಡಿಯೇ ದೊರೆಯುತ್ತಿತ್ತು. ದೊರೆಯದವನು ದನ ಕಾಯಲು ಊರಿಗೆ ಮರಳುತ್ತಿದ್ದನು.

ಈ ನೋವನ್ನು ಕಂಡವರು ಉಚಿತ ಪ್ರಸಾದನಿಲಯಗಳನ್ನು ನಡೆಸಿದರು. 1941ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳವರು ಭಕ್ತರು ಕೊಟ್ಟ ಧಾನ್ಯದಿಂದ ಮಕ್ಕಳನ್ನು ಸಲಹಿದರು. ಅನ್ನ, ಅಕ್ಷರ, ಆಶ್ರಯ ಎಂಬ ಈ ತ್ರಿವಿಧ ದಾಸೋಹದಲ್ಲಿ ಜಾತಿಮತಗಳ ಎಣಿಕೆ ಇರಲಿಲ್ಲ. 2019ರಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ, ಅನಾಥ ಮಕ್ಕಳಿಗೆ ಮನೆಯನ್ನೂ ಸಂಗೀತವನ್ನೂ ಒಟ್ಟಿಗೆ ಕೊಟ್ಟರು.

ಆದರೆ ಮಠದ ಬಾಗಿಲಿಗೆ ಬಾರದ ಮಗುವಿನ ಗತಿಯೇನು? ಕೊಡುವವರ ಕರುಣೆ ಒಂದು, ಪಡೆಯುವವನ ಹಕ್ಕು ಮತ್ತೊಂದು. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತು. ಅದು ಮೂಲಭೂತ ಹಕ್ಕಾಗಿ ಸಂವಿಧಾನವನ್ನು ಸೇರಿದ್ದು 2002ರ ತಿದ್ದುಪಡಿಯಿಂದ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸಬಾರದು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಹೀಗೆಂದು ಕಾಯಿದೆ ಸ್ಪಷ್ಟವಾಗಿ ನುಡಿಯುತ್ತದೆ.

ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋದವರ ಮಕ್ಕಳು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಪರರಿಗೆ ಮನೆ ಕಟ್ಟುವವನ ಮಗುವಿಗೇ ವಿಳಾಸವಿಲ್ಲ! ಕಾಗದವಿಲ್ಲವೆಂದರೆ ಶಾಲೆಯೂ ಇಲ್ಲವೆಂದು ಆ ತಾಯಿತಂದೆಗಳು ನಂಬಿದ್ದಾರೆ. ಕಾಯಿದೆಯನ್ನು ಅವರಿಗೆ ಓದಿ ಹೇಳುವವರು ಯಾರು?

ಕಾಯಿದೆಗೂ ಒಂದು ಮೇರೆಯುಂಟು. ಅದು 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಶಾಲೆಯ ಬಾಗಿಲನ್ನು ತೆರೆಸಿದರೂ ರಾತ್ರಿಯ ಹಾಸಿಗೆಯನ್ನು ಎಲ್ಲರಿಗೂ ಹಾಸಿಕೊಡುವುದಿಲ್ಲ. ಆದ್ದರಿಂದ ಹಕ್ಕು ಬಂದಿತೆಂದು ದಾಸೋಹ ನಿಲ್ಲಬಾರದು; ದಾಸೋಹವಿದೆಯೆಂದು ಹಕ್ಕನ್ನು ಮರೆಯಬಾರದು. ನಿಮ್ಮ ಊರಿನ ಅಂಚಿನಲ್ಲಿ ಗುಡಾರ ಹಾಕಿದವರ ಮಗುವೊಂದನ್ನು ಕೈಹಿಡಿದು ಶಾಲೆಗೆ ಕರೆದೊಯ್ಯಿರಿ. ಹೆಸರು ಹಚ್ಚುವವರೆಗೆ ಅದರ ಪಕ್ಕದಲ್ಲಿ ನಿಲ್ಲಿರಿ. ಅದೂ ದಾಸೋಹವೇ.