ಸುಗ್ಗಿಗೆ ಹೊರಡುವ ಮುನ್ನ: ಚಳಿಗಾಲದ ಶಾಲಾ ಅವಧಿಯ ಸುದ್ದಿ ಮತ್ತು ಸೂಚನೆಗಳು

ಆದೋನಿ: ದೀಪಾವಳಿ ಮುಗಿದು ಹೊಲದ ಹತ್ತಿ ಆದೋನಿ ಮಾರ್ಕೆಟ್ ಯಾರ್ಡಿಗೆ ಬರುತ್ತಿದ್ದಂತೆ ಪೆದ್ದಹರಿವಾಣಂ, ಕೌತಾಳಂ, ಕೋಸಿಗಿ, ಪೆದ್ದಕಡಬೂರು, ಹೊಳಗುಂದ ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುವುದು ಶುರುವಾಗುತ್ತದೆ. ಗುಂಟೂರು, ಪ್ರಕಾಶಂ ಕಡೆ ಮೆಣಸಿನಕಾಯಿ ಬಿಡಿಸಲು, ತೆಲಂಗಾಣಕ್ಕೆ ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಜನ ಹೊರಡುತ್ತಾರೆ. ಕನ್ನಡ, ತೆಲುಗು ಎರಡರಲ್ಲೂ ಇದಕ್ಕೆ ನಮ್ಮ ಭಾಗದ ಹೆಸರು ಒಂದೇ, ಸುಗ್ಗಿ. ಹೋದವರು ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಶಾಲೆಯ ಲೆಕ್ಕದಲ್ಲಿ ಆ ನಾಲ್ಕು ತಿಂಗಳೇ ವರ್ಷದ ಎರಡನೇ ಅರ್ಧ. ಒಂದರಿಂದ ಎಂಟನೇ ತರಗತಿವರೆಗಿನ ಮಕ್ಕಳು ಓದು ಬಿಡುವುದು ಹೆಚ್ಚಾಗಿ ಈ ಅವಧಿಯಲ್ಲೇ.

ಮಗುವನ್ನು ಊರಲ್ಲಿ ಬಿಡಬೇಕೋ, ಜೊತೆಗೆ ಕರೆದೊಯ್ಯಬೇಕೋ ಎಂಬುದು ಮನೆಯವರ ತೀರ್ಮಾನ. ಏನೇ ತೀರ್ಮಾನಿಸಿದರೂ ಲಾರಿ ಹತ್ತುವ ಮುನ್ನ ಶಾಲೆಗೆ ಹೋಗಿ ಮುಗಿಸಬೇಕಾದ ಕೆಲಸಗಳಿವೆ. ಹೇಳದೆ ಹೋದರೆ ಮಗು ಬರೀ ಗೈರುಹಾಜರಿ ಆಗುತ್ತದೆ. ಹೇಳಿ ಹೋದರೆ ಶಾಲೆಗೂ ಮೇಲಿನ ಅಧಿಕಾರಿಗಳಿಗೂ ಜವಾಬ್ದಾರಿ ಬರುತ್ತದೆ.

ಹಾಜರಿಯ ಲೆಕ್ಕ

ಮೊದಲು ದುಡ್ಡಿನ ವಿಷಯ, ಏಕೆಂದರೆ ಹೆಚ್ಚಿನ ಪಾಲಕರು ಕೇಳುವುದು ಇದನ್ನೇ. ಆಂಧ್ರಪ್ರದೇಶ ಸರ್ಕಾರದ ‘ತಲ್ಲಿಕಿ ವಂದನಂ’ ಯೋಜನೆ 2025ರ ಜೂನ್ 12ರಂದು ಜಾರಿಗೆ ಬಂತು. ಮಗುವೊಂದಕ್ಕೆ ವರ್ಷಕ್ಕೆ 15,000 ರೂಪಾಯಿ. ಅದರಲ್ಲಿ 2,000 ರೂಪಾಯಿ ಶಾಲೆಯ ನಿರ್ವಹಣೆಗೆ ಹೋಗಿ 13,000 ರೂಪಾಯಿ ತಾಯಿಯ ಖಾತೆಗೆ ಬೀಳುತ್ತದೆ. ಇದಕ್ಕೆ ಮಗುವಿನ ಹಾಜರಿ ಶೇಕಡಾ 75 ಇರಬೇಕು.

ಶೇಕಡಾ 75 ಅಂದರೆ ಎಷ್ಟು ದಿನ? ಶಾಲೆ ವರ್ಷಕ್ಕೆ 220 ದಿನ ನಡೆಯಿತು ಎಂದುಕೊಳ್ಳಿ. ಮಗು 165 ದಿನ ಹಾಜರಿರಬೇಕು, ಹೆಚ್ಚೆಂದರೆ 55 ದಿನ ತಪ್ಪಿಸಬಹುದು. ಡಿಸೆಂಬರ್‌ನಿಂದ ಮಾರ್ಚ್ ಕೊನೆವರೆಗೆ, ಸಂಕ್ರಾಂತಿ ರಜೆ ಕಳೆದರೂ, ಸುಮಾರು 80 ದಿನ ಶಾಲೆ ಇರುತ್ತದೆ. ಅಂದರೆ ಜೂನ್‌ನಿಂದ ನವೆಂಬರ್‌ವರೆಗೆ ಒಂದು ದಿನವೂ ತಪ್ಪದೆ ಬಂದ ಮಗುವೂ ಪೂರ್ತಿ ಸುಗ್ಗಿಗೆ ಹೋದರೆ ಲೆಕ್ಕದಿಂದ ಹೊರಗೆ ಬೀಳುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಮನೆಯ ಹತ್ತಿ ಬಿಡಿಸಲು ನಿಲ್ಲಿಸಿಕೊಂಡ ದಿನಗಳೂ ಇದರಲ್ಲೇ ಸೇರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಈಗ ಹಾಜರಿ ದಿನಾ ಟೀಚರ ಫೋನಿನಿಂದಲೇ ಮೇಲಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಂದು ‘ಸಾರ್, ಸ್ವಲ್ಪ ನೋಡಿ ಹಾಕ್ರಿ’ ಎಂದು ಕೇಳಿ ಪ್ರಯೋಜನವಿಲ್ಲ.

ಈ ಲೆಕ್ಕ ತಿಳಿದ ಮೇಲೂ ಹೋಗಲೇಬೇಕಾದ ಮನೆಗಳಿವೆ. ಒಂದು ಸುಗ್ಗಿಯ ಕೂಲಿ ಮುಂದೆ 13,000 ದೊಡ್ಡ ಮೊತ್ತವಲ್ಲ ಎನ್ನುವವರೂ ಇದ್ದಾರೆ. ಹೋಗುವುದು ಅಪ್ಪ ಅವ್ವನ ಕೆಲಸ. ಮಗು ಹೋಗಲೇಬೇಕೆಂದಿಲ್ಲ. ಹದಿನಾಲ್ಕು ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಪೂರ್ತಿ ನಿಷೇಧ. ‘ಅವ್ವನ ಜೊತೆ ಸಾಲು ಹಿಡಿದಿದ್ದಾಳೆ ಅಷ್ಟೇ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಮಗುವನ್ನು ಊರಲ್ಲಿ ಬಿಡುವವರಿಗೆ

ಅಜ್ಜಿ ಅಥವಾ ಅತ್ತೆಯ ಮನೆ ಇದ್ದರೆ ಸರಿ. ಇಲ್ಲದವರಿಗಾಗಿ ಸಮಗ್ರ ಶಿಕ್ಷಾ ಅಡಿಯಲ್ಲಿ ಸೀಜನಲ್ ಹಾಸ್ಟೆಲ್‌ಗಳಿವೆ. ಕರ್ನೂಲು ಜಿಲ್ಲೆಯ ಪಶ್ಚಿಮ ಮಂಡಲಗಳಲ್ಲಿ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಇವು ನಡೆದಿವೆ. ಮಗು ತನ್ನ ಊರಿನ ಶಾಲೆಯಲ್ಲೇ ಓದುತ್ತದೆ. ಊಟ, ರಾತ್ರಿ ತಂಗಲು ಜಾಗ ಅಲ್ಲಿ ಸಿಗುತ್ತದೆ. ಆದರೆ ಇವು ವರ್ಷವಿಡೀ ಇರುವ ಹಾಸ್ಟೆಲ್‌ಗಳಲ್ಲ. ಯಾವ ಊರಿನಿಂದ ಎಷ್ಟು ಮಕ್ಕಳ ಅಪ್ಪ ಅವ್ವ ವಲಸೆ ಹೋಗುತ್ತಿದ್ದಾರೆ ಎಂಬ ಪಟ್ಟಿ ನೋಡಿ ಆಯಾ ವರ್ಷ ತೆರೆಯುತ್ತಾರೆ. ಆ ಪಟ್ಟಿ ಹೋಗುವುದು ಹೆಡ್ಮಾಸ್ಟರ್ ಮೂಲಕ ಮಂಡಲ ವಿದ್ಯಾಧಿಕಾರಿಗೆ, ಅಂದರೆ ಎಂಇಓಗೆ. ಊರಿನವರು ಹೊರಟ ಮೇಲೆ ತೆರೆದರೆ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ದಸರಾ ರಜೆ ಮುಗಿದ ವಾರದಲ್ಲೇ, ಒಬ್ಬೊಬ್ಬರಾಗಿ ಅಲ್ಲದೆ ಓಣಿಯವರೆಲ್ಲ ಸೇರಿ, ಮಕ್ಕಳ ಹೆಸರು ಬರೆದ ಅರ್ಜಿ ಕೊಡುವುದು ಒಳ್ಳೆಯದು. ಅರ್ಜಿಯ ಒಂದು ಪ್ರತಿಯ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಈ ಒಂದು ಕಾಗದದ ಬಲ ದೊಡ್ಡದು.

ಅಜ್ಜಿಯ ಬಳಿ ಬಿಡುವವರು ಶಾಲೆಗೆ ಎರಡು ಫೋನ್ ನಂಬರ್ ಕೊಟ್ಟು ಹೋಗಬೇಕು, ಒಂದು ತಮ್ಮದು, ಇನ್ನೊಂದು ಊರಲ್ಲೇ ಇರುವ ನೆಂಟರದು. ಗುಂಟೂರಿನ ಹೊಲದಲ್ಲಿರುವವರ ಫೋನ್ ಹಗಲು ಸಿಗುವುದು ಕಷ್ಟ.

ಹೆಣ್ಣು ಮಕ್ಕಳು ಐದನೇ ತರಗತಿ ಮುಗಿಸುತ್ತಿದ್ದರೆ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ ಮರೆಯಬೇಡಿ. ಆರನೇ ತರಗತಿಯಿಂದ ಊಟ, ವಸತಿ, ಓದು ಎಲ್ಲ ಉಚಿತ. ಪ್ರತಿ ವರ್ಷ ಸುಗ್ಗಿಗೆ ಹೋಗುವ ಮನೆಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಡು ಬೇರೆ ಇಲ್ಲವೆಂಬುದು ಈ ಲೇಖಕನ ಅಭಿಪ್ರಾಯ. 2025ರಲ್ಲಿ ಅರ್ಜಿ ಕರೆದದ್ದು ಮಾರ್ಚ್ ಕೊನೆಯಲ್ಲಿ, ಅಂದರೆ ಪಾಲಕರು ಇನ್ನೂ ಹೊರಗಿದ್ದ ಸಮಯದಲ್ಲಿ. ಆಧಾರ್, ರೇಷನ್ ಕಾರ್ಡ್, ಜಾತಿ ಪತ್ರದ ಜೆರಾಕ್ಸ್ ಮನೆಯಲ್ಲಿ ಉಳಿಯುವವರ ಕೈಗೆ ಕೊಟ್ಟು ಹೋದರೆ ಅರ್ಜಿ ತಪ್ಪುವುದಿಲ್ಲ.

ಜೊತೆಗೆ ಕರೆದೊಯ್ಯುವವರಿಗೆ

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ತೊಡಕಿದೆ. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯ ಆದಾಗ ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ ಹೋಯಿತು. ಜಿಲ್ಲೆ ಬದಲಾದರೂ ಮನೆಮಾತು ಉಳಿಯಿತು, ಕನ್ನಡ ಶಾಲೆಗಳೂ ಉಳಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕಲ್ಪಿಸಬೇಕೆಂದು ಹೇಳುತ್ತದೆ. ಆದರೆ ಈ ಶಾಲೆಗಳು ಇರುವುದು ಗಡಿಯ ಪಟ್ಟಿಯಲ್ಲಿ ಮಾತ್ರ. ಗುಂಟೂರು ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆ ಸಿಗುವುದಿಲ್ಲ. ನಮ್ಮ ಮಗು ತೆಲುಗು ಮಾತಾಡುತ್ತದೆ, ಆದರೆ ಬೋರ್ಡಿನ ಮೇಲಿನದನ್ನು ತಡವರಿಸಿ ಓದುತ್ತದೆ. ಅಲ್ಲಿನ ಟೀಚರ್ ‘ಈ ಹುಡುಗನಿಗೆ ಓದೇ ಬರುವುದಿಲ್ಲ’ ಎಂದುಕೊಂಡು ಹಿಂದಿನ ಬೆಂಚಿಗೆ ಕಳಿಸುತ್ತಾರೆ.

ಇದಕ್ಕೆ ಮನೆಯಲ್ಲೇ ಸ್ವಲ್ಪ ಮದ್ದಿದೆ. ಎರಡು ಲಿಪಿಗಳೂ ಅಕ್ಕತಂಗಿಯರ ಹಾಗೆ. ತಲೆಕಟ್ಟು ಬೇರೆ, ಕೆಲವು ಅಕ್ಷರಗಳು ಬೇರೆ, ಉಳಿದದ್ದು ಹೆಚ್ಚುಕಡಿಮೆ ಒಂದೇ. ಕನ್ನಡ ಸರಾಗವಾಗಿ ಓದುವ ಮೂರನೇ ತರಗತಿ ಮಗುವಿಗೆ ಬಸ್ ಬೋರ್ಡು, ಅಂಗಡಿ ಹೆಸರು ಓದಿಸುತ್ತಾ ಹೋದರೆ ಕೆಲವೇ ವಾರಗಳಲ್ಲಿ ತೆಲುಗು ಕೂಡುತ್ತದೆ. ಎರಡನೇ ಸೆಮಿಸ್ಟರ್‌ನ ಕನ್ನಡ ಪುಸ್ತಕಗಳನ್ನು ಮಾತ್ರ ಮರೆಯದೆ ಗಂಟಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಅವು ಸಿಗುವುದಿಲ್ಲ.

ಬೆಂಗಳೂರು, ಬಳ್ಳಾರಿ, ರಾಯಚೂರು ಕಡೆ ಹೋಗುವವರಿಗೆ ಭಾಷೆಯ ತೊಂದರೆ ಇಲ್ಲ, ಪಠ್ಯ ಬೇರೆ. ಅಲ್ಲಿ ಸಂಕ್ರಾಂತಿಗೆ ನಮ್ಮಂತೆ ವಾರದ ರಜೆ ಇಲ್ಲ, ವರ್ಷವೂ ನಮಗಿಂತ ಮೊದಲು, ಏಪ್ರಿಲ್ ಎರಡನೇ ವಾರದೊಳಗೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ವಲಸೆ ಕೂಲಿಕಾರರ ಮಕ್ಕಳಿಗೆ ಟೆಂಟ್ ಶಾಲೆಗಳೂ ನಡೆದಿವೆ.

ಯಾವ ರಾಜ್ಯಕ್ಕೆ ಹೋದರೂ ಶಿಕ್ಷಣ ಹಕ್ಕು ಕಾಯ್ದೆ, 2009 ಒಂದೇ. ಅದರ 5ನೇ ಕಲಂ ಪ್ರಕಾರ ರಾಜ್ಯದೊಳಗೆ ಅಥವಾ ಹೊರಗೆ ಬೇರೆ ಸರ್ಕಾರಿ ಶಾಲೆಗೆ ಹೋಗಲು ಮಗುವಿಗೆ ಹಕ್ಕಿದೆ. ಕೇಳಿದ ಕೂಡಲೇ ಟಿಸಿ ಕೊಡಬೇಕು. ಟಿಸಿ ಬರಲು ತಡವಾಯಿತೆಂದು ಅಲ್ಲಿನ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. 15ನೇ ಕಲಂ ಪ್ರಕಾರ ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹಾಗಾಗಿ ಯುಗಾದಿಗೆ ತಿರುಗಿ ಬಂದವರು ‘ಹೆಸರು ಹೋಗಿದೆ’ ಎಂದು ಹೆದರಿ ಮನೆಯಲ್ಲಿ ಕೂರುವುದು ಬೇಡ.

ಹಾಗಾದರೆ ನಾಲ್ಕು ತಿಂಗಳಿಗೆ ಟಿಸಿ ತೆಗೆಯಬೇಕೇ? ತಿರುಗಿ ಬರುವುದು ಖಚಿತವಿದ್ದರೆ ಮೊದಲು ಹೆಡ್ಮಾಸ್ಟರ್ ಜೊತೆ ಮಾತಾಡಿ. ಓದುತ್ತಿರುವ ತರಗತಿ, ಮಾಧ್ಯಮ ಬರೆದ ಸ್ಟಡಿ ಸರ್ಟಿಫಿಕೇಟ್ ಪಡೆದು ಹೋಗಿ ಅಲ್ಲಿನ ಶಾಲೆಯಲ್ಲಿ ಕೂರಿಸಲು ಕೇಳಬಹುದು. ಇನ್ನೊಂದು ಕಾಗದದಲ್ಲಿ ಮಗುವಿನ ಪೆನ್ ನಂಬರ್ ಬರೆಸಿಕೊಳ್ಳಿ. ಇದು ಪೆನ್ನಿನ ವಿಷಯವಲ್ಲ. ಯುಡೈಸ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಕೊಟ್ಟಿರುವ ಕಾಯಂ ಸಂಖ್ಯೆ. ಈ ಸಂಖ್ಯೆ ಇದ್ದರೆ ದೇಶದ ಯಾವ ಶಾಲೆಯವರೂ ಮಗುವಿನ ದಾಖಲೆಯನ್ನು ಹುಡುಕಿಕೊಳ್ಳಬಹುದು. ಇಲ್ಲದಿದ್ದರೆ ಒಂದೇ ಮಗುವಿಗೆ ಎರಡು ದಾಖಲೆ ಆಗಿ, ಆಮೇಲೆ ಸರಿಪಡಿಸಲು ತಿಂಗಳುಗಟ್ಟಲೆ ಓಡಾಟ.

ಹೆಸರಿನ ಗೊಂದಲ

ಉರುಕುಂದ ಈರಣ್ಣಸ್ವಾಮಿಯ ಸೀಮೆ ಇದು, ಓಣಿಗೊಬ್ಬ ಈರಣ್ಣ ಇರುತ್ತಾನೆ. ಮನೆಯಲ್ಲಿ ಈರಣ್ಣ, ಆಧಾರಿನಲ್ಲಿ ವೀರಣ್ಣ, ಶಾಲೆಯಲ್ಲಿ ಇಂಟಿಪೇರು ಮುಂದೆ ಸೇರಿಸಿ ಇನ್ನೊಂದು. ಕನ್ನಡದಲ್ಲಿ ಹೇಳಿದ್ದನ್ನು ತೆಲುಗಿನಲ್ಲಿ ಬರೆದು ಇಂಗ್ಲಿಷಿಗೆ ಹಾಕುವಾಗ ಅಕ್ಷರ ಜಾರುತ್ತದೆ. ಶಾಲೆಯ ದಾಖಲೆ, ಆಧಾರ್ ಎರಡರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಆಗಿರದಿದ್ದರೆ 12 ಅಂಕಿಯ ಅಪಾರ್ ಸಂಖ್ಯೆ ಆಗುವುದಿಲ್ಲ. ಐದು ವರ್ಷ ತುಂಬಿದ ಮಕ್ಕಳ ಬೆರಳಚ್ಚು ಆಧಾರಿಗೆ ಸೇರಿಸುವುದು ಕಡ್ಡಾಯ, ಏಳು ತುಂಬುವುದರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಸಚಿವಾಲಯ ಎಂದು ನಾವು ಕರೆಯುವ ಗ್ರಾಮ ಕಚೇರಿಯಲ್ಲಿ ಆಧಾರ್ ಕ್ಯಾಂಪ್ ಯಾವಾಗ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ತಾಯಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂಬುದನ್ನೂ ಅದೇ ದಿನ ನೋಡಿಸಿ.

ಮಾಧ್ಯಮ ಕನ್ನಡ ಎಂದು ದಾಖಲೆಯಲ್ಲಿ ಸ್ಪಷ್ಟವಾಗಿ ಇರಲಿ. ಮುಂದೆ ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರೆಂದು ಸೀಟು ಕೇಳುವಾಗ ಇದೇ ಕಾಗದ ಬೇಕಾಗುತ್ತದೆ.

ಅವಧಿಯ ದಿನಗಳು

2025-26ರಲ್ಲಿ ಸಂಕ್ರಾಂತಿ ರಜೆ ಜನವರಿ 10ರಿಂದ 18ರವರೆಗೆ ಇತ್ತು. ಅದರ ಹಿಂದಿನ ವರ್ಷವೂ 10ರಿಂದಲೇ. ಹಬ್ಬಕ್ಕೆ ಊರಿಗೆ ಬಂದವರು ಮತ್ತೆ ಹೊರಡುವಾಗ ಮಕ್ಕಳನ್ನು ಕರೆದುಕೊಂಡು ಹೋಗಿಬಿಡುವುದು ಹೆಚ್ಚು. ರಜೆಯ ನಂತರದ ಮೊದಲ ವಾರ ಟೀಚರುಗಳು ಮನೆಮನೆಗೆ ಬರುವುದು ಇದಕ್ಕೇ. ಫಾರ್ಮೇಟಿವ್ ಮೂರು ಮತ್ತು ನಾಲ್ಕು ಈ ಚಳಿಗಾಲದ ತಿಂಗಳುಗಳಲ್ಲಿ, ಸಮ್ಮೇಟಿವ್ ಎರಡು ಏಪ್ರಿಲ್‌ನಲ್ಲಿ.

ಪಾಲಕರು ಮತ್ತು ಟೀಚರ ದೊಡ್ಡ ಸಭೆ 2024ರ ಡಿಸೆಂಬರ್ 7ರಂದು ಮೊದಲ ಸಲ ನಡೆಯಿತು. 2025ರ ಜುಲೈ 10ರಂದು ಇನ್ನೊಮ್ಮೆ, ಡಿಸೆಂಬರ್ 5ರಂದು ಮತ್ತೊಮ್ಮೆ. ಡಿಸೆಂಬರ್ ಸಭೆಯ ಹೊತ್ತಿಗೆ ಅರ್ಧ ಊರು ಹೊರಗಿರುತ್ತದೆ. ಅಜ್ಜ ಅಜ್ಜಿಯಾದರೂ ಹೋಗಬೇಕು. ಸೀಜನಲ್ ಹಾಸ್ಟೆಲ್, ಕನ್ನಡ ಟೀಚರ ಕೊರತೆ ಇವನ್ನು ಎತ್ತಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಮ್ಮಿಗನೂರು ಬಳಿಯ ಬನವಾಸಿ ನವೋದಯ ವಿದ್ಯಾಲಯದ ಆರನೇ ತರಗತಿ ಪರೀಕ್ಷೆ 2025ರಲ್ಲಿ ಡಿಸೆಂಬರ್ 13ರಂದು ನಡೆಯಿತು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಜಿ ಬೇಸಿಗೆ ಕಳೆದು ಮಳೆಗಾಲದಲ್ಲೇ ಮುಗಿಯುತ್ತದೆ. ಹಾಕಿದವರು ಹಾಲ್ ಟಿಕೆಟ್ ತೆಗೆಸಿ, ಪರೀಕ್ಷೆ ಆಗುವವರೆಗೆ ಮಗುವನ್ನು ಊರಿನಿಂದ ಕದಲಿಸಬೇಡಿ. ಎಂಟನೇ ತರಗತಿಯವರ ಎನ್‌ಎಂಎಂಎಸ್ ಪರೀಕ್ಷೆಯೂ ಡಿಸೆಂಬರ್‌ನಲ್ಲೇ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ.

ಆರೋಗ್ಯ

ಫೆಬ್ರವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಶಾಲೆಯಲ್ಲೂ ಅಂಗನವಾಡಿಯಲ್ಲೂ ಆಲ್ಬೆಂಡಜೋಲ್ ಮಾತ್ರೆ ಉಚಿತ, ಅಗಿದು ನುಂಗಬೇಕು. ಜ್ವರ ಇರುವ ಮಗುವಿಗೆ ಅಂದು ಕೊಡುವುದಿಲ್ಲ, ತಪ್ಪಿದವರಿಗೆ ವಾರದ ನಂತರ ಮತ್ತೆ ಕೊಡುತ್ತಾರೆ. ಐದು ಆರು ವರ್ಷದವರಿಗೆ ಡಿಪಿಟಿ ಬೂಸ್ಟರ್, ಹತ್ತು ತುಂಬಿದವರಿಗೆ ಟಿಡಿ ಚುಚ್ಚುಮದ್ದು ಬಾಕಿ ಇದೆಯೇ ಎಂದು ಎಎನ್‌ಎಂ ಅವರನ್ನು ಕೇಳಿ. ತಾಯಿ ಕಾರ್ಡ್ ಜೊತೆಯಲ್ಲಿದ್ದರೆ ಹೋದ ಊರಲ್ಲೂ ಹಾಕುತ್ತಾರೆ. ಮೆಣಸಿನಕಾಯಿ ಕಲ್ಲದಲ್ಲಿ ಚಿಕ್ಕವರನ್ನು ಮಲಗಿಸುವುದು ಬೇಡ; ಘಾಟಿಗೆ ಕೆಮ್ಮು ಹತ್ತಿದರೆ ಚಳಿಗೆ ಬೇಗ ಬಿಡುವುದಿಲ್ಲ.

ತಿರುಗಿ ಬಂದ ಮೇಲೆ

2025-26ರ ವೇಳಾಪಟ್ಟಿಯಲ್ಲಿ ಶಾಲೆಯ ಕೊನೆಯ ದಿನ ಏಪ್ರಿಲ್ 23. ಯುಗಾದಿಗೆ ಬಂದರೂ ಕೆಲವು ವಾರ ಉಳಿದಿರುತ್ತದೆ. ಮರುದಿನವೇ ಮಗುವನ್ನು ಶಾಲೆಗೆ ಕಳಿಸಿ. ಬೇರೆ ಊರಿನ ಶಾಲೆಯಲ್ಲಿ ಕೂತಿದ್ದರೆ ಎಷ್ಟು ದಿನ ಬಂದಿತ್ತು ಎಂಬ ಪತ್ರವನ್ನು ಅಲ್ಲಿನ ಹೆಡ್ಮಾಸ್ಟರ್ ಸಹಿ, ಮೊಹರಿನೊಂದಿಗೆ ತರಬೇಕು. ಆ ದಿನಗಳು ಇಲ್ಲಿನ ಹಾಜರಿಗೆ ತಾವಾಗಿ ಬಂದು ಸೇರುವುದಿಲ್ಲ. ಪತ್ರವನ್ನು ಶಾಲೆಗೆ ಕೊಡುವ ಮುನ್ನ ಜೆರಾಕ್ಸ್ ಇಟ್ಟುಕೊಳ್ಳಿ. ಮಗುವನ್ನು ಎಲ್ಲಾದರೂ ಕೆಲಸಕ್ಕೆ ಹಿಡಿದಿಟ್ಟಿದ್ದರೆ ಅಥವಾ ಮಗು ಕಾಣೆಯಾದರೆ ಕರೆಯಬೇಕಾದ ಉಚಿತ ಸಂಖ್ಯೆ 1098, ಯಾವ ರಾಜ್ಯದಲ್ಲಿದ್ದರೂ ಇದೇ.