ಉಪ್ಪುನೀರಿನ ಬಕೆಟ್‌ನಿಂದ ಇಸಿಜಿ ಚೀಟಿವರೆಗೆ

ಹೃದಯದ ಪ್ರತಿ ಬಡಿತದ ಹಿಂದೆ ಸಣ್ಣ ವಿದ್ಯುತ್ ಇರುತ್ತದೆ. ಇಸಿಜಿ ಚೀಟಿಯ ಗೆರೆ ಅದರದೇ ಗುರುತು.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯನ ಮೈಮೇಲಿಂದಲೇ ಇದನ್ನು ಮೊದಲು ದಾಖಲಿಸಿದರು. ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂತೋವನ್ ಸ್ಪಷ್ಟ ಗೆರೆ ಕೊಡುವ ಯಂತ್ರ ಕಟ್ಟಿದರು. ತೂಕ ಸುಮಾರು 270 ಕೆ.ಜಿ.! ರೋಗಿ ಎರಡೂ ಕೈ, ಎಡಗಾಲನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಕೂರಬೇಕಿತ್ತು. ಯಂತ್ರವನ್ನು ಹೊತ್ತೊಯ್ಯಲಾಗದೆ, 1905ರಲ್ಲಿ ಒಂದೂವರೆ ಕಿ.ಮೀ. ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯಲ್ಲೇ ರೋಗಿಯ ಇಸಿಜಿ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

2002ರಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನು ಇಸ್ರೋ ಉಪಗ್ರಹ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೃದಯಾಘಾತವೇ ಎಂದು ಹೇಳುತ್ತಾರೆ. ಹೊಸಪೇಟೆಯಿಂದ ಬೆಂಗಳೂರು 300 ಕಿ.ಮೀ.ಗೂ ಹೆಚ್ಚು, ನಮಗಿದು ಸಣ್ಣ ಮಾತಲ್ಲ.

ಹೃದಯ ವೈಫಲ್ಯ ಬೇರೆ. ಅಲ್ಲಿ ಹೃದಯ ನಿಲ್ಲುವುದಿಲ್ಲ, ರಕ್ತ ತಳ್ಳುವ ಶಕ್ತಿ ಕುಂದುತ್ತದೆ. ನಡೆದರೆ ಏದುಸಿರು, ಕಾಲು ಬಾವು. ವಯಸ್ಸಾಯ್ತು ಎಂದು ಮನೆಯವರು ಸುಮ್ಮನಾಗುತ್ತಾರೆ. ಇಂಥವರ ಇಸಿಜಿಯಲ್ಲಿ ಬಡಿತದ ಚೂಪು ಗೆರೆ ಮೂರು ಸಣ್ಣ ಚೌಕ ದಾಟಿ ಅಗಲವಾಗಿದ್ದರೆ, ಹೃದಯದೊಳಗೆ ವಿದ್ಯುತ್ ತಡವಾಗಿ ಹರಿಯುತ್ತಿದೆ ಎಂದರ್ಥ. ಎಕೋ ಪರೀಕ್ಷೆಯನ್ನೂ ನೋಡಿ, ಕೆಲವರಿಗೆ ಹೃದಯದ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಪೇಸ್‌ಮೇಕರ್ ಹಾಕುತ್ತಾರೆ.

ಇಸಿಜಿ ಕಾಗದ ಬಿಸಿಲಿಗೆ ಮಾಸುತ್ತದೆ. ತೆಗೆಸಿದ ದಿನವೇ ಮೊಬೈಲಿನಲ್ಲಿ ಫೋಟೊ ಹಿಡಿದಿಡಿ. ಹಳೆಯದು ಪಕ್ಕದಲ್ಲಿದ್ದರೆ ಹೊಸ ಬದಲಾವಣೆ ಡಾಕ್ಟರಿಗೆ ಬೇಗ ಕಾಣುತ್ತದೆ.